ನಡು ಸಂಕದಲ್ಲಿ ಇಬ್ಬರು ಸಿಪಾಯಿಗಳು

ಬ್ರಹ್ಮಾವರದಿಂದ ಕುಂದಾಪುರಕ್ಕೆ ಬರುವ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಮೂವರು ಕಾಲೇಜು ಹುಡುಗಿಯರು ಒಂದೇ ಮೊಬೈಲಿಗೆ ತಲೆ ತಾಗಿಸಿಕೊಂಡು ನಗುತ್ತಿದ್ದರು. ಅಂತಿಂಥ ನಗುವಲ್ಲ. ಒಬ್ಬಳಿಗೆ ಬಿಕ್ಕಳಿಕೆ ಬಂದಿತ್ತು. ಇನ್ನೊಬ್ಬಳು ಕಂಡಕ್ಟರ್ ಎರಡು ಸಲ ಕರೆದರೂ ಟಿಕೆಟ್ ತೆಗೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ನಾನು ಸಿಡುಕಿ. (ವಾರ ವಾರ ಓದುವ ನಿಮಗೆ ಹೊಸದಾಗಿ ಹೇಳಬೇಕೇ?) ಸೌಂಡ್ ಕಮ್ಮಿ ಮಾಡಿ ಎಂದು ಗದರಲು ಬಾಯಿ ತೆರೆದೆ. ಅಷ್ಟರಲ್ಲಿ ಮೊಬೈಲಿನೊಳಗಿಂದ ಒಂದು ಗಂಡು ಸ್ವರ ಗುಡುಗಿತು.

"ಹ್ವಾಯ್! ಈ ಸಂಕಕ್ಕೆ ಮೊದಲ್ ಕಾಲಿಟ್ಟವ ನಾನ್. ಹಿಂದೆ ಹೋಯ್ಕಾದ್ದ್ ನೀವ್!"

ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅದು ನನ್ನ ಅಪ್ಪಯ್ಯನ ಸ್ವರ.

ಎದ್ದು ನಿಂತು ಇಣುಕಿದೆ. ಅಪ್ಪಯ್ಯ ಇರಲಿಲ್ಲ. ಯಾವುದೋ ವಿದೇಶಿ ಕೋಟೆ, ಅದರ ಮುಂದೆ ಹೊಳೆ, ಹೊಳೆಗೆ ಒಂದು ಕಲ್ಲಿನ ಸಂಕ. (ಸಂಕ ಅಂದರೆ ನಮ್ಮ ಕಡೆ ಸೇತುವೆ.) ಅದರ ನಟ್ಟನಡುವೆ ತಲೆಯಿಂದ ಕಾಲಿನವರೆಗೆ ಕಬ್ಬಿಣ ಹೊದ್ದ ಇಬ್ಬರು ಸಿಪಾಯಿಗಳು ಮುಖಾಮುಖಿ ನಿಂತಿದ್ದರು. ಒಬ್ಬನ ತಲೆ ಮೇಲೆ ಗರಿ, ಇನ್ನೊಬ್ಬನ ತಲೆ ಮೇಲೆ ಎರಡು ಕೊಂಬು. ಗರಿಯವನು ತಲೆ ಅಲ್ಲಾಡಿಸಿ ಅಲ್ಲಾಡಿಸಿ ನನ್ನ ಅಪ್ಪಯ್ಯನ ಸ್ವರದಲ್ಲಿ, ಅಚ್ಚ ಕುಂದಾಪ್ರ ಕನ್ನಡದಲ್ಲಿ ಬೈಯುತ್ತಿದ್ದ.

"ಇದ್ ಎಂತ ಮಕ್ಳೇ?" ಎಂದೆ.

"'ಸಂಕ' ಆಂಟಿ! ಕಂಪ್ಯೂಟರ್ ಗೇಮಿನೊಳಗೇ ಮಾಡಿದ್ ಕಾಮಿಡಿ ಸೀರಿಯಲ್. ಇದ್ ಏಳನೇ ಕಂತ್. ನಿಮ್ಗ್ ಬ್ಲೂಟೂತಲ್ಲಿ ಕಳ್ಸ್ಕಾ?"

"ಈ ಗರಿಯವ ಯಾರ್ ಗೊತ್ತಾ?"

"ಕೋಟದ್ ಯಾರೋ ಅಜ್ಜ್ರ್ ಅಂಬ್ರ್. ಎಂತಾ ಮಾತ್ ಆಂಟಿ! ನಮ್ ಕಾಲೇಜಲ್ಲಿ ಎಲ್ರ್ ಮೊಬೈಲಲ್ಲೂ ಇತ್ತ್."

ಕುಂದಾಪುರದವರೆಗೆ ಟಿಕೆಟ್ ತೆಗೆದಿದ್ದ ನಾನು ಕೋಟದಲ್ಲೇ ಇಳಿದೆ.

ಇಷ್ಟಕ್ಕೆ ಬಸ್ಸಿಳಿಯಬೇಕಿತ್ತೇ ಎನ್ನಬೇಡಿ. ಅಪ್ಪಯ್ಯ ಹಾಗೆ ಮಾತಾಡಿ ಆರು ವರ್ಷ ಆಗಿತ್ತು.

ನಮ್ಮ ಅಪ್ಪಯ್ಯ, ಕೋಟದ ಜವಳಿ ಅಂಗಡಿ ಶೆಟ್ರು, ಒಂದು ಕಾಲದಲ್ಲಿ ತಾಳಮದ್ದಲೆಯ ದೊಡ್ಡ ಅರ್ಥಧಾರಿ. ತಾಳಮದ್ದಲೆ ಕಾಣದವರಿಗೆ ಒಂದು ಮಾತು: ಅದು ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿಗಳು ಶಾಲು ಹೊದ್ದು ಎದುರುಬದುರು ಕೂತು, ಬರೆದುಕೊಳ್ಳದೆ, ಬಾಯಿಗೆ ಬಂದ ಮಾತಿನಲ್ಲೇ ವಾದ ಹೂಡುತ್ತಾರೆ. ಯುದ್ಧವೂ ಮಾತಿನಲ್ಲೇ, ಸಾವೂ ಮಾತಿನಲ್ಲೇ. ಪ್ರಸಂಗದ ಕಥೆಯಲ್ಲಿ ಸೋಲುವವನು ಕೊನೆಗೆ ಸೋಲಲೇಬೇಕು. ಅದಕ್ಕೆ ಮೊದಲು ಗೆಲ್ಲುವವನ ಬೆವರಿಳಿಸಲು ಮಾತ್ರ ಯಾರ ಅಡ್ಡಿಯೂ ಇಲ್ಲ.

ಅಪ್ಪಯ್ಯನ ಎದುರಿಗೆ ಕೂರುತ್ತಿದ್ದವರು ಹೆಮ್ಮಾಡಿಯ ಮಾಷ್ಟ್ರು. ಮೂವತ್ತು ವರ್ಷದ ಜೋಡಿ. ಕೂಟದಲ್ಲಿ ಹಾವು ಮುಂಗುಸಿ. ಕೂಟ ಮುಗಿದ ಮೇಲೆ ಒಂದೇ ಬಸ್ಸು, ಒಂದೇ ಸೀಟು, ಒಂದೇ ಎಲೆಯಡಿಕೆ ಸಂಚಿ.

ಆರು ವರ್ಷದ ಕೆಳಗೆ ಬ್ರಹ್ಮಾವರದ ಒಂದು ಕೂಟದಲ್ಲಿ, ವಾದದ ನಡುವೆ ಅಪ್ಪಯ್ಯನಿಗೆ ಮಾತು ಮರೆತುಹೋಯಿತು. ತುಂಬಿದ ಸಭೆ. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದಾರೆ. ಆಗ ಎದುರಿಗಿದ್ದ ಮಾಷ್ಟ್ರು ಮುಂದಿನ ಮಾತನ್ನು ಮೆಲ್ಲಗೆ ಹೇಳಿಕೊಟ್ಟರು. ಮೆಲ್ಲಗೆ ಎಂದುಕೊಂಡದ್ದು ಅವರು. ಎದುರಿಗೆ ಮೈಕ್ ಇತ್ತು. ಸಭೆಗೆ ಸಭೆಯೇ ನಕ್ಕಿತು.

ಮಾಷ್ಟ್ರು ಸಹಾಯಕ್ಕೇ ಹೇಳಿದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ತನ್ನ ಮಾತನ್ನು ಎದುರಾಳಿಯ ಬಾಯಿಂದ ಕೇಳಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಅರ್ಥಧಾರಿಗೆ ಇದೆಯೇ? ಅವತ್ತು ಬಸ್ಸಿನಲ್ಲಿ ಬೇರೆ ಬೇರೆ ಸೀಟು. ಆಮೇಲೆ ಅಪ್ಪಯ್ಯ ಕೂಟವನ್ನೇ ಬಿಟ್ಟರು. ಮನೆಯಲ್ಲೂ "ಹೂಂ", "ಹಾಂ", "ಸಾಕ್", ಇಷ್ಟೇ. ಅವರಿಬ್ಬರನ್ನು ಒಂದು ಮಾಡಲು ನಾನೂ ಸೇರಿ ಎಷ್ಟು ಜನ ಕೋಟ-ಹೆಮ್ಮಾಡಿ ಓಡಾಡಿದೆವು! "ತಪ್ಪಾಯ್ತ್ ಅಂತ ಅವ್ರ್ ಬಂದ್ ಹೇಳ್ಲಿ" ಎಂದು ಇವರು. "ಎಂತ ತಪ್ಪ್ ಅಂತ ಇವ್ರ್ ಬಂದ್ ಹೇಳ್ಲಿ" ಎಂದು ಅವರು. ಕೊನೆಗೆ ನಾವೇ ಸುಸ್ತಾಗಿ ಬಿಟ್ಟೆವು.

ಅಂಥ ಅಪ್ಪಯ್ಯ ಈಗ ಹುಡುಗಿಯರ ಮೊಬೈಲಿನಲ್ಲಿ ಗುಡುಗುವುದೆಂದರೆ?

ಅಪ್ಪಯ್ಯನ ಮನೆಗೆ ಹೋದರೆ ಹಾಡಹಗಲೇ ಬಾಗಿಲು ಹಾಕಿತ್ತು. ಅಮ್ಮ ಜಗಲಿಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಾ ಕೂತಿದ್ದರು.

"ಒಳ್ಗ್ ಹೋಪುಕಿಲ್ಲೆ ಈಗ. ರೆಕಾರ್ಡಿಂಗ್ ಅಂಬ್ರ್," ಎಂದರು. "ಫ್ಯಾನ್ ಹಾಕುಕಿಲ್ಲೆ, ಕುಕ್ಕರ್ ಕೂಗುಕಿಲ್ಲೆ. ಅನ್ನ ಅರ್ಧ ಬೆಂದ್ಕಂಡ್ ಕೂತಿತ್ತ್, ಕಾಣ್."

"ಎಷ್ಟ್ ದಿನದಿಂದ ಇದೆಲ್ಲ?"

"ಎರಡ್ ತಿಂಗ್ಳಾಯ್ತ್. ಅಕ್ಕನಿಗ್ ಮಾತ್ರ ಹೇಳ್ಬೇಡಿ ಅಂದಿದ್ಲ್ ಸುಮ."

ಸುಮ ನನ್ನ ತಂಗಿ. ಸ್ಟುಡಿಯೋ ಒಂದಕ್ಕೆ ಮದುವೆ ವಿಡಿಯೋ ಎಡಿಟ್ ಮಾಡಿಕೊಡುತ್ತಾಳೆ. ನನಗೆ ಮಾತ್ರ ಹೇಳಬಾರದು ಏಕೆ? ಅದಕ್ಕೆ ಕಾರಣ ಇದೇ ಅಂಕಣ. ಮಳೆಗಾಲದ ಶುರುವಿನಲ್ಲಿ ನಾನೇ ಇಲ್ಲಿ ಬರೆದಿದ್ದೆ: ಕಂಪ್ಯೂಟರ್ ಗೇಮಿನ ಹುಚ್ಚು ಹಿಡಿದವರು ಮನೆಯವರ ಜತೆ ಮಾತು ಬಿಡುತ್ತಾರೆ, ಮನೆ ಮನೆಯೂ ಮೂಕವಾಗುತ್ತದೆ, ಇತ್ಯಾದಿ ಇತ್ಯಾದಿ. ಭಾರಿ ಜೋರಾಗಿತ್ತು. ನೀವು ಫೋನ್ ಮಾಡಿ ಹೊಗಳಿದ್ದಿರಿ ಕೂಡ. (ಅದರಲ್ಲಿ "ನನಗೆ ಗೊತ್ತಿರುವ ಒಬ್ಬ ಹುಡುಗಿ" ಎಂದು ಬರೆದದ್ದು ಈ ಸುಮಳನ್ನೇ. ಅವಳಿಗೆ ಅದು ತಿಳಿಯದೆ ಇರುತ್ತದೆಯೇ?)

ಬಾಗಿಲು ಮೆಲ್ಲಗೆ ತಳ್ಳಿದೆ. ಕಿಟಕಿಗಳಿಗೆಲ್ಲ ಕಂಬಳಿ. ನಡುವೆ ಚಾಪೆ. ಮೇಲಿನಿಂದ ಮದುವೆ ಶೂಟಿಂಗಿನ ಮೈಕ್ ನೇತಾಡುತ್ತಿದೆ. ಅದರ ಕೆಳಗೆ ಅಪ್ಪಯ್ಯ! ಬನಿಯನ್ ಮೇಲೆ ಹಳೇ ತಾಳಮದ್ದಲೆಯ ಶಾಲು, ಹಣೆಯಲ್ಲಿ ಬೆವರು. ನನ್ನನ್ನು ಕಂಡು ಒಂದು ಬೆರಳೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿ, ಮಾತು ಮುಂದುವರಿಸಿದರು.

ನಾನು ಗೋಡೆಗೊರಗಿ ನಿಂತೆ. ಬೈಯಬೇಕೆಂದು ಬಂದವಳು. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ?

ಆಮೇಲೆ ಸುಮ ಎಲ್ಲ ಹೇಳಿದಳು. ಆಸಾಡಿ, ಅಂದರೆ ಆಷಾಢದಲ್ಲಿ ಮದುವೆ ಇಲ್ಲ, ಸ್ಟುಡಿಯೋಕ್ಕೆ ಕೆಲಸವಿಲ್ಲ. ಮನೆಯಲ್ಲಿ ಕೂತು ಈ ಕೋಟೆ-ಸಿಪಾಯಿ ಗೇಮ್ ಆಡುತ್ತಿದ್ದಳು. ಹೊರದೇಶದ ಜನ ಇಂಥ ಗೇಮುಗಳೊಳಗೇ ಆಟದ ಸಿಪಾಯಿಗಳನ್ನು ನಟರ ಹಾಗೆ ನಿಲ್ಲಿಸಿ, ತಮ್ಮ ಸ್ವರ ಕೊಟ್ಟು ಕಾಮಿಡಿ ಸೀರಿಯಲ್ ಮಾಡುವುದನ್ನು ಇಂಟರ್ನೆಟ್ಟಿನಲ್ಲಿ ನೋಡಿದ್ದಳು. ಸೆಟ್ ಬೇಡ, ಕ್ಯಾಮೆರಾ ಬೇಡ, ಊಟದ ಖರ್ಚೂ ಇಲ್ಲ. ನಾವೂ ಏಕೆ ಮಾಡಬಾರದು? ಇಬ್ಬರು ಸಿಪಾಯಿಗಳನ್ನು ಸಂಕದ ಮೇಲೆ ನಿಲ್ಲಿಸಿ, ಯಾರು ದಾರಿ ಬಿಡಬೇಕು ಎಂಬ ಜಗಳಕ್ಕೆ ಇಬ್ಬರ ಮಾತನ್ನೂ ತಾನೇ ಹೇಳಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳಂತೆ.

ಆ ಹೊತ್ತಿಗೆ ನೀರು ಕುಡಿಯಲು ಒಳಗೆ ಹೋಗುತ್ತಿದ್ದ ಅಪ್ಪಯ್ಯ ನಿಂತರು. ಕಿವಿಗೊಟ್ಟರು. ತಡೆಯಲಾಗಲಿಲ್ಲ.

"ಯಾರ್ ಹೆಣೆ ಈ ಪೆದ್ದ? ಎದುರಿಗ್ ಬಂದ್ ನಿಂತವ್ನಿಗೆ ಹೀಂಗಾ ಉತ್ತರ ಕೊಡುದ್? ಕೊಡ್ ಇಲ್ಲಿ ಆ ಮೈಕ್!" (ಹೆಣೆ ಅಂದರೆ ನಮ್ಮ ಕಡೆ ಹೆಣ್ಣೇ, ಹುಡುಗೀ ಎಂದ ಹಾಗೆ.)

ಅವತ್ತು ಕೂತವರು ನಲವತ್ತು ನಿಮಿಷ ಏಳಲಿಲ್ಲ.

ಕಷ್ಟ ಶುರುವಾದದ್ದೇ ಅಲ್ಲಿಂದ. ಗೇಮಿನ ಸಿಪಾಯಿಗೆ ಬಾಯಿಯೇ ಇಲ್ಲ, ಮುಖದ ಮೇಲೆ ಕಬ್ಬಿಣ. ಯಾರು ಮಾತಾಡುತ್ತಿದ್ದಾರೆಂದು ನೋಡುವವರಿಗೆ ತಿಳಿಯಬೇಕಾದರೆ ಅವನ ತಲೆಯನ್ನು ಮೇಲೆ ಕೆಳಗೆ ಅಲ್ಲಾಡಿಸುತ್ತಾ ಇರಬೇಕು. ಹೊರದೇಶದವರ ಸಿಪಾಯಿಗಳು ಎರಡು ಮಾತಾಡಿ ಸುಮ್ಮನಾಗುತ್ತಾರೆ. ಅಪ್ಪಯ್ಯನದು ಪೀಠಿಕೆಯೇ ಕಾಲು ಗಂಟೆ! ನಾನು ಯಾರು, ನನ್ನ ಕುಲ ಯಾವುದು, ಈ ಹೊಳೆ ಎಲ್ಲಿ ಹುಟ್ಟಿತು, ಸಂಕ ಕಟ್ಟಿಸಿದ ಪುಣ್ಯ ಎಂಥದು... ಸುಮಳ ಬೆರಳು ಬಾತುಕೊಂಡಿತಂತೆ. ಅವಳು ನಲವತ್ತು ನಿಮಿಷವನ್ನು ಕತ್ತರಿಸಿ ನಾಲ್ಕು ನಿಮಿಷ ಮಾಡಿದಳು. ಮದುವೆಯ ಎರಡು ದಿನವನ್ನು ಒಂದು ಸಿ.ಡಿ.ಗೆ ಇಳಿಸುವವಳಿಗೆ ಅದೆಷ್ಟರ ಕೆಲಸ?

ಅಪ್ಪಯ್ಯ ನೋಡಿದರು. "ಪೀಠಿಕೆ ಎಲ್ಲಿತ್ತ್?"

"ಕಟ್ ಮಾಡ್ದೆ ಅಪ್ಪಯ್ಯ."

"ಪೀಠಿಕೆ ಇಲ್ದೆ ಅರ್ಥ ಹೇಳುದಾ? ಬಾಗಿಲ್ ಇಲ್ದೆ ಮನೆಯೊಳ್ಗ್ ಹೋಪುದಾ?"

ಎರಡು ದಿನ ಮುನಿಸು. ಮೂರನೇ ದಿನ ಶಾಲು ಹುಡುಕಿ ತೆಗೆದು ತಾವೇ ಚಾಪೆ ಹಾಸಿದರು.

ಈಗ ಎದುರಾಳಿ ಬೇಕಲ್ಲ? ಸುಮಳೇ ಕೊಂಬಿನ ಸಿಪಾಯಿಯಾದಳು. ಅಪ್ಪಯ್ಯ ಅವಳನ್ನು ಎರಡು ವಾಕ್ಯದಲ್ಲಿ ಮುಗಿಸಿದರು. ಜಗಳವೇ ಮುಗಿದರೆ ಸೀರಿಯಲ್ ಎಲ್ಲಿಂದ? ಆಗ ನನ್ನ ತಂಗಿ ಒಂದು ಕೆಲಸ ಮಾಡಿದಳು. ಸ್ಟುಡಿಯೋದ ಲ್ಯಾಪ್‌ಟಾಪ್ ಸ್ಕೂಟಿಯಲ್ಲಿಟ್ಟುಕೊಂಡು ಸೀದಾ ಹೆಮ್ಮಾಡಿಗೆ ಹೋದಳು. ನಾವು ದೊಡ್ಡವರೆಲ್ಲ ಆರು ವರ್ಷ ಸಂಧಾನ ಮಾಡಿ ಸೋತ ಮನೆಗೆ.

ಮಾಷ್ಟ್ರು ಇಯರ್‌ಫೋನ್ ಹಾಕಿಕೊಂಡು ಕೇಳಿದರು. ಮೊದಲ "ಹ್ವಾಯ್"ಗೇ ಬೆನ್ನು ನೆಟ್ಟಗಾಯಿತಂತೆ. ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿದರು.

"ಈ ಸಿಪಾಯಿ ಯಾವ್ ಊರಿನವ?"

"ವಿದೇಶದವ ಮಾಷ್ಟ್ರೇ," ಎಂದಳು ಸುಮ, ಮುಖ ತಗ್ಗಿಸಿ.

"ವಿದೇಶದವ. ಹಾಂ. ಹಂಗಾರೆ ಅಡ್ಡಿಲ್ಲೆ. ಕೋಟದವ್ರಾದ್ರೆ ನಾನ್ ಮಾತಾಡುದಿಲ್ಲೆ. ವಿದೇಶದವ್ನಿಗೆ ಉತ್ತರ ಕೊಡುಕೆ ಎಂತ ದಾಕ್ಷಿಣ್ಯ?"

ಕೊಟ್ಟರು ನೋಡಿ ಉತ್ತರ! ಸುಮ ಅದನ್ನು ತಂದು ಅಪ್ಪಯ್ಯನಿಗೆ ಕೇಳಿಸಿದಳು. ಅಪ್ಪಯ್ಯ ಇನ್ನೊಮ್ಮೆ ಹಾಕಿಸಿ ಕೇಳಿದರು.

"ಈ ಕೊಂಬಿನವ್ನ ಸ್ವರ ಯಾರ್ದ್?"

"ಕಂಪ್ಯೂಟರ್ದ್ ಅಪ್ಪಯ್ಯ."

"ಹೌದಾ. ಕಂಪ್ಯೂಟರಿಗೆ ವಯಸ್ಸಾಯ್ತ್ ಕಾಣತ್ತ್. ಉಬ್ಬಸ ಜಾಸ್ತಿ ಆಯಿತ್ತ್." ಆಮೇಲೆ ಚಾಪೆ ಸರಿ ಮಾಡಿಕೊಳ್ಳುತ್ತಾ, "ಉತ್ತರ ಮಾತ್ರ ಅಡ್ಡಿಲ್ಲೆ," ಎಂದರು.

ಹೀಗೆ ಶುರು. ಪ್ರತಿ ವಾರ ಸುಮಳ ಸ್ಕೂಟಿ ಕೋಟದ ಮಾತನ್ನು ಹೆಮ್ಮಾಡಿಗೂ ಹೆಮ್ಮಾಡಿಯ ಮಾತನ್ನು ಕೋಟಕ್ಕೂ ಹೊತ್ತಿತು. ಇಬ್ಬರಿಗೂ ಗೊತ್ತು ಎದುರಿಗಿರುವವರು ಯಾರೆಂದು. ಇಬ್ಬರೂ ಬಾಯಿ ಬಿಡುವುದಿಲ್ಲ. ಮಾಷ್ಟ್ರ ಸಿಪಾಯಿಯ ತಲೆ ಅಲ್ಲಾಡಿಸುವ ಕೆಲಸ ಯಾರದು ಎಂದುಕೊಂಡಿರಿ? ನಮ್ಮ ಅಮ್ಮನದು! ಲ್ಯಾಪ್‌ಟಾಪಿನ ಎದುರು ಕನ್ನಡಕ ಏರಿಸಿ ಕೂತು, ಒಂದು ಬಟನ್ ಒತ್ತುತ್ತಾರೆ. ಕಷ್ಟ ಆಗುವುದಿಲ್ಲವೇ ಎಂದು ಕೇಳಿದೆ.

"ಎಂತ ಕಷ್ಟ? ಮದ್ವಿ ಆದ್ ಲಾಗಾಯ್ತ್ ಇವ್ರ್ ಮಾತಿಗೆ ತಲೆ ಅಲ್ಲಾಡ್ಸಿ ಅಭ್ಯಾಸ ಇತ್ತಲೆ," ಎಂದರು ಅಮ್ಮ.

ಹನ್ನೊಂದು ಕಂತು ಆಯಿತು. ನವರಾತ್ರಿ ಕಳೆಯಿತು. ಸುಮಳಿಗೆ ಈಗ ಚಿಂತೆ. ತುಳಸಿ ಪೂಜೆ ದಾಟಿತೆಂದರೆ ಮದುವೆಗಳು ಶುರು, ಮತ್ತೆ ಉಸಿರಾಡಲು ಪುರುಸೊತ್ತಿಲ್ಲ. ಸೀರಿಯಲ್ ಮುಗಿಸಬೇಕು. ಮುಗಿಸಬೇಕಾದರೆ ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಬೇಕು.

ನಾನು ಅಪ್ಪಯ್ಯನ ಹತ್ತಿರ ಹೋದೆ. "ಈ ಸಲ ನೀವೇ ಬಿಟ್ಟುಕೊಡಿ ಅಪ್ಪಯ್ಯ. ಬರೀ ಆಟ ಅಲ್ದಾ?"

"ತಾಳಮದ್ದಲೆಯಲ್ಲಿ ನಾನ್ ಎಷ್ಟ್ ಸಲ ಸೋತಿದ್ದೆ, ನಿಂಗೊತ್ತಿತ್ತಾ? ಪ್ರಸಂಗದಲ್ಲಿ ಸೋಲ್ಕ್ ಅಂತ ಇದ್ರೆ ಸೋಲ್ತೆ. ಇಲ್ಲಿ ಪ್ರಸಂಗ ಎಲ್ಲಿತ್ತ್? ಬರ್ದವ್ರ್ ಯಾರ್? ಯಾರ್ ಹೇಳಿದ್ದಕ್ಕೆ ನಾನ್ ಸೋಲುದ್?"

ಹೆಮ್ಮಾಡಿಗೆ ಫೋನ್ ಮಾಡಿದರೆ ಅಕ್ಷರ ವ್ಯತ್ಯಾಸವಿಲ್ಲದೆ ಅದೇ ಉತ್ತರ.

ಹಾಗಾದರೆ ಇಬ್ಬರೂ ಎದುರುಬದುರು ಕೂತೇ ತೀರ್ಮಾನ ಆಗಲಿ ಎಂದೆ ನಾನು. ಹೇಳಿದ್ದೇನೋ ಹೇಳಿದೆ, ಆ ವಾರ ನನಗೆ ಸರಿಯಾಗಿ ನಿದ್ದೆಯಿಲ್ಲ. ಮಾಷ್ಟ್ರು ಬರುತ್ತಾರೆಯೇ? ಬಂದರೆ ಇವರು ಕೂರುತ್ತಾರೆಯೇ? ಎಲ್ಲಕ್ಕಿಂತ ಹೆಚ್ಚಾಗಿ, ಮಾಷ್ಟ್ರ ಎದುರು ಅಪ್ಪಯ್ಯನಿಗೆ ಮತ್ತೆ ಮಾತು ಮರೆತರೆ? ಈ ಮೂರು ತಿಂಗಳಲ್ಲಿ ಮರಳಿ ಬಂದ ಸ್ವರ ಮತ್ತೆ "ಹೂಂ", "ಹಾಂ"ಗೆ ಇಳಿದರೆ ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ.

ಕಳೆದ ಭಾನುವಾರ ಬೆಳಿಗ್ಗೆ ಮಾಷ್ಟ್ರು ಬಂದರು. ಇಸ್ತ್ರಿ ಮಾಡಿದ ಶಾಲು ಮಡಚಿ ಹೆಗಲ ಮೇಲೆ. ಅಮ್ಮ "ಬನ್ನಿ ಮಾಷ್ಟ್ರೇ, ಕೂಕಣಿ" ಎಂದು ಕಾಫಿ ಕೊಟ್ಟರು. ಅಪ್ಪಯ್ಯ ಕ್ಯಾಲೆಂಡರ್ ನೋಡುತ್ತಿದ್ದರು. (ಕಳೆದ ತಿಂಗಳ ಹಾಳೆ.) ಮಾಷ್ಟ್ರು ಕಿಟಕಿಯ ಕಂಬಳಿ ನೋಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡದೆಯೇ ಚಾಪೆಯ ಮೇಲೆ ಎದುರುಬದುರು ಕೂತರು. ಸುಮ ಒಂದು ಕಂಪ್ಯೂಟರಿಗೆ, ಅಮ್ಮ ಇನ್ನೊಂದಕ್ಕೆ. ಪರದೆಯ ಮೇಲೆ ಇಬ್ಬರು ಸಿಪಾಯಿಗಳು ಸಂಕದ ನಡುವೆ ನಿಂತರು. ನಾನು ಅಡುಗೆಮನೆ ಬಾಗಿಲಲ್ಲಿ, ಕುಕ್ಕರ್ ಕಾವಲಿಗೆ.

ಮಾಷ್ಟ್ರು ಶುರು ಮಾಡಿದರು. ಅಪ್ಪಯ್ಯ ಉತ್ತರ ಕೊಟ್ಟರು. ಅಬ್ಬಬ್ಬಾ! ಆ ಮಾತಿನ ಏಟು, ಆ ತಿರುಗೇಟು! ಎರಡು ಸಲ ನಾನು ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದೆ. ಅಮ್ಮ ನಗುತ್ತಾ ಬಟನ್ ಒತ್ತುವುದನ್ನೇ ಮರೆತರು.

ಅಷ್ಟರಲ್ಲಿ ಅಪ್ಪಯ್ಯನ ಮಾತು ನಿಂತಿತು.

"ಈ ಸಂಕದ ಒಂದೊಂದ್ ಕಲ್ಲಿಗೂ..." ಎಂದವರು, ಅಲ್ಲೇ. ಮುಂದಿನ ಮಾತು ಬರಲಿಲ್ಲ. ಕೈ ಎತ್ತಿದ್ದು ಎತ್ತಿದ ಹಾಗೇ. ಸುಮಳ ಬೆರಳು ನಿಂತಿತು, ಪರದೆಯ ಮೇಲೆ ಗರಿಯ ಸಿಪಾಯಿಯ ತಲೆಯೂ ನಿಂತಿತು. ದೇವರೇ, ಮಾಷ್ಟ್ರು ಬಾಯಿ ತೆರೆಯದಿರಲಿ ಎಂದು ಬೇಡಿಕೊಂಡೆ.

ಮಾಷ್ಟ್ರು ಬಾಯಿ ತೆರೆಯಲಿಲ್ಲ. ಕೈಕಟ್ಟಿ ಕೂತರು. ಗಡಿಯಾರದ ಟಿಕ್ ಟಿಕ್ ಮೈಕಿಗೂ ಕೇಳಿಸಿರಬೇಕು. ಅವರಿಗೆ ಮುಂದಿನ ಮಾತು ಗೊತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೂ ಕಾದರು.

ಆರು ವರ್ಷದಲ್ಲಿ ಮೊದಲ ಬಾರಿಗೆ ಅಪ್ಪಯ್ಯ ಅವರ ಮುಖ ನೋಡಿದರು.

"ಎಂತ ಮಾಷ್ಟ್ರೇ? ಈ ಸಲ ಹೇಳಿಕೊಡುದಿಲ್ಯಾ?"

"ಒಂದ್ ಸಲ ಹೇಳಿಕೊಟ್ಟ್ ಆರ್ ವರ್ಷ ಕಾದೆ ಶೆಟ್ರೇ," ಎಂದರು ಮಾಷ್ಟ್ರು. "ಇನ್ನೊಂದ್ ಸಲ ಅಷ್ಟ್ ಕಾಪುಕೆ ನಂಗೆ ಆಯಸ್ಸ್ ಎಲ್ಲಿತ್ತ್?"

ಅಪ್ಪಯ್ಯ ನಕ್ಕರು. ಎತ್ತಿದ ಕೈ ಇಳಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಷ್ಟ್ರು ನಗುತ್ತಾ ಕನ್ನಡಕ ತೆಗೆದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸುಮ ಮಾತ್ರ ಕೈ ಬೀಸಿ ರೆಕಾರ್ಡಿಂಗ್, ರೆಕಾರ್ಡಿಂಗ್ ಎಂದು ಸನ್ನೆ ಮಾಡುತ್ತಿದ್ದಳು. ಅವಳ ಚಿಂತೆ ಅವಳಿಗೆ.

ಅಪ್ಪಯ್ಯ ಗಂಟಲು ಸರಿ ಮಾಡಿಕೊಂಡರು. ಮತ್ತೆ ಸಿಪಾಯಿಯಾದರು.

"ಆಯ್ತ್. ನಾನೇ ಬದಿಗ್ ನಿಂತೆ. ಸಂಕ ದಾಟಿ ನೀವ್."

ಸುಮ ಖುಷಿಯಿಂದ ಗರಿಯ ಸಿಪಾಯಿಯನ್ನು ಬದಿಗೆ ಸರಿಸಿದಳು. ಅಂತೂ ಸೀರಿಯಲ್ ಮುಗಿಯಿತಲ್ಲ!

"ಅದ್ ಹ್ಯಾಂಗೆ?" ಎಂದ ಕೊಂಬಿನ ಸಿಪಾಯಿ. "ದಾರಿ ಬಿಟ್ಟವ್ರ್ ದೊಡ್ಡವ್ರ್. ದೊಡ್ಡವ್ರ್ ನಿಂತಿಪ್ಪಾಗ ನಾನ್ ದಾಟುದಾ? ನೀವ್ ಮೊದಲ್."

"ಛೇ ಛೇ! ನೀವ್ ದೂರದಿಂದ ಬಂದವ್ರ್. ನೀವೇ ಮೊದಲ್."

"ಹಂಗ್ ಹೇಳ್ರೆ ಆತಿಲ್ಲೆ..."

ಮತ್ತೆ ಶುರುವಾಯಿತು ನೋಡಿ. ಹನ್ನೊಂದು ಕಂತು ನೀವು ಹಿಂದೆ ಹೋಗಿ ಎಂದು ಜಗಳಾಡಿದವರು, ಈಗ ನೀವು ಮುಂದೆ ಹೋಗಿ ಎಂದು ಅದಕ್ಕಿಂತ ಜೋರಾಗಿ ಜಗಳಕ್ಕೆ ನಿಂತರು. ಹೊಸ ಪೀಠಿಕೆ, ಹೊಸ ಉದಾಹರಣೆ. ಸುಮ ತಲೆ ಮೇಲೆ ಕೈ ಹೊತ್ತಳು. ತಾಳಮದ್ದಲೆಯಲ್ಲಾದರೆ ಇಂಥ ಹೊತ್ತಿಗೆ ಭಾಗವತರು ಒಂದು ಪದ್ಯ ಎತ್ತಿ ಇಬ್ಬರ ಬಾಯಿಯನ್ನೂ ಮುಚ್ಚಿಸುತ್ತಾರೆ. ಇಲ್ಲಿ ಭಾಗವತರು ಯಾರು?

ಕರೆಂಟ್. ಮುಕ್ಕಾಲು ಗಂಟೆಯ ಮೇಲೆ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ಎರಡು ಮಾತಿನ ನಡುವೆ, ಇಬ್ಬರೂ ಸಂಕದ ಮೇಲೆ ನಿಂತಿರುವಾಗಲೇ 'ಸಂಕ' ಮುಗಿಯಿತು. ಸುಮ ಅಷ್ಟನ್ನೇ ಎಡಿಟ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದಾಳೆ. ಏನು ಕ್ಲೈಮ್ಯಾಕ್ಸ್, ಏನು ಕಲ್ಪನೆ ಎಂದು ಹೊಗಳಿಕೆ ಬರುತ್ತಿದೆಯಂತೆ.

ಊಟ ಮುಗಿಸಿ ಮಾಷ್ಟ್ರು ಹೊರಟರು. ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತೇನೆಂದು ಅಪ್ಪಯ್ಯ ಚಪ್ಪಲಿ ಮೆಟ್ಟಿದರು. ನಾನೂ ಹಿಂದೆ ಹೋದೆ. ಬಸ್ಸು ಬಂತು. ಬಾಗಿಲಲ್ಲಿ ಮತ್ತೆ ನೀವು ಮೊದಲು, ನೀವು ಮೊದಲು. ಕಂಡಕ್ಟರ್ "ಯಾರಾರೂ ಒಬ್ರ್ ಹತ್ತಿ ಮರ್ರೆ!" ಎಂದು ಕೂಗಿದ. ಮಾಷ್ಟ್ರು ಹತ್ತಿದರು. ಅವರ ಹಿಂದೆಯೇ, ಪರ್ಸೂ ಇಲ್ಲದೆ, ಮನೆಯ ಪಂಚೆಯಲ್ಲೇ ಅಪ್ಪಯ್ಯನೂ ಹತ್ತಿಬಿಟ್ಟರು! ಬಸ್ಸು ಹೊರಟಾಗ ಕಂಡೆ: ಒಂದೇ ಸೀಟು. ಮಾಷ್ಟ್ರು ಎಲೆಯಡಿಕೆ ಸಂಚಿ ಬಿಚ್ಚುತ್ತಿದ್ದರು.

ಗೇಮ್ ಆಡುವವರು ಮಾತು ಬಿಡುತ್ತಾರೆ ಎಂದು ಬರೆದಿದ್ದೆನಲ್ಲ, ಆ ಅಂಕಣವನ್ನು ಕತ್ತರಿಸಿ ಇಟ್ಟುಕೊಂಡವರಿದ್ದರೆ ದಯವಿಟ್ಟು ಅದರಲ್ಲಿ ಅವಲಕ್ಕಿ ಕಟ್ಟಿಬಿಡಿ.

ಸಂಜೆ ಅಪ್ಪಯ್ಯ ಮನೆಗೆ ಬಂದರು. ಬಾಯಿ ಕೆಂಪಗಿತ್ತು.

"ಕಡೆಗೆ ಸಂಕ ದಾಟಿದ್ದ್ ಯಾರ್ ಅಪ್ಪಯ್ಯ?" ಎಂದು ಕೇಳಿದೆ.

"ದಾಟುದ್ ಎಂತಕೆ ಹೆಣೆ? ಸಂಕದ ಮೇಲೆ ಗಾಳಿ ಲಾಯ್ಕಿತ್ತಲೆ!"